ಕೆಲಸ ಸರಿಯಾಗಿಯೇ ಮುಗಿದಿದೆ, ಆದರೂ ‘ಜಾಬ್ ವಿಫಲ’ ಎಂಬ ಮೇಲ್ ಏಕೆ ಬರುತ್ತದೆ?

ಪ್ರಶ್ನೆ: ನಮ್ಮಲ್ಲಿ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ 2019 ಎರಡು ಯಂತ್ರಗಳ ಅವೈಲಬಿಲಿಟಿ ಗ್ರೂಪ್ ಆಗಿ, ಅಂದರೆ ಒಂದೇ ಡೇಟಾಬೇಸ್‌ನ ಪ್ರತಿ ಎರಡೂ ಕಡೆ ಇರುವಂತೆ, ನಡೆಯುತ್ತಿದೆ. ಸುಮಾರು ನಲವತ್ತು ಏಜೆಂಟ್ ಜಾಬ್‌ಗಳನ್ನು (ಸರ್ವರ್‌ನ ಏಜೆಂಟ್ ಎಂಬ ಭಾಗ ನಿಗದಿತ ವೇಳೆಗೆ ತಾನಾಗಿ ಓಡಿಸುವ ಕೆಲಸಗಳನ್ನು) ಎರಡೂ ಯಂತ್ರಗಳಲ್ಲಿ ಒಂದೇ ರೀತಿ ಇಟ್ಟಿದ್ದೇವೆ. ನಾವೇ ಬರೆದ ಕ್ವೆರಿಯೊಂದು ಪ್ರತಿ 15 ನಿಮಿಷಕ್ಕೆ ಜಾಬ್‌ಗಳ ಇತಿಹಾಸವಿರುವ ಸಿಸ್‌ಜಾಬ್‌ಹಿಸ್ಟರಿ ಟೇಬಲ್ ನೋಡಿ, ಆ ದಿನದ ತಾರೀಖಿನಲ್ಲಿ ರನ್ ಸ್ಟೇಟಸ್ 1 (ಯಶಸ್ವಿ) ಅಲ್ಲದ ಯಾವ ಸಾಲು ಕಂಡರೂ ‘ಜಾಬ್ ವಿಫಲ’ ಎಂದು ಮೇಲ್ ಕಳಿಸುತ್ತದೆ. ದಿನಕ್ಕೆ ನೂರೈವತ್ತಕ್ಕೂ ಹೆಚ್ಚು ಮೇಲ್ ಬರುತ್ತವೆ. ಹೋಗಿ ನೋಡಿದರೆ ಬ್ಯಾಕಪ್ ಆಗಿರುತ್ತದೆ, ಡೇಟಾ ಸರಿಯಾಗಿರುತ್ತದೆ. ಬ್ಯಾಕಪ್ ಫೈಲನ್ನು ಬೇರೆ ಯಂತ್ರಕ್ಕೆ ವಿಂಡೋಸ್‌ನ ನಕಲು ಸಾಧನ ರೋಬೋಕಾಪಿಯಿಂದ ನಕಲು ಮಾಡುವ ಜಾಬ್ ಪ್ರತಿ ರಾತ್ರಿ ವಿಫಲ ಎನ್ನುತ್ತದೆ, ಫೈಲ್ ಮಾತ್ರ ತಲುಪಿರುತ್ತದೆ. ವಾರಕ್ಕೊಮ್ಮೆ ಓಡುವ ಜಾಬ್ ‘ಓಡಿಯೇ ಇಲ್ಲ’ ಎಂದು ಇನ್ನೊಂದು ತಪಾಸಣೆ ಹೇಳುತ್ತದೆ. ಈಗ ನಮ್ಮ ತಂಡದಲ್ಲಿ ಯಾರೂ ಈ ಮೇಲ್‌ಗಳನ್ನು ತೆರೆಯುವುದಿಲ್ಲ. ಇವನ್ನು ನಿಲ್ಲಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನೂರೈವತ್ತು ಎಂಬ ಸಂಖ್ಯೆಯಲ್ಲ, ಯಾರೂ ಮೇಲ್ ತೆರೆಯುವುದಿಲ್ಲ ಎಂಬ ಮಾತು. ಆದ್ದರಿಂದ ಮೇಲ್‌ಗಳನ್ನು ನಿಲ್ಲಿಸುವ ಉಪಾಯಕ್ಕಿಂತ ಮೊದಲು, ನಿಮ್ಮ ಕ್ವೆರಿ ಏಜೆಂಟನ್ನು ಯಾವ ಪ್ರಶ್ನೆ ಕೇಳುತ್ತಿದೆ ಎಂಬುದನ್ನು ನೋಡೋಣ. ಏಜೆಂಟ್ ದಾಖಲಿಸಿದ ಇತಿಹಾಸದಲ್ಲಿ ಬಹುಮಟ್ಟಿಗೆ ತಪ್ಪಿಲ್ಲ. ಅದನ್ನು ಓದುವ ರೀತಿಯಲ್ಲಿ ತಪ್ಪಿದೆ. ಇದೇ ಕ್ವೆರಿ ಕೆಲವು ನಿಜವಾದ ವೈಫಲ್ಯಗಳನ್ನು ನಿಮಗೆ ತಿಳಿಸದೆ ಬಿಡುತ್ತಿರುವ ಸಾಧ್ಯತೆಯೂ ಇದೆ.

ಮೊದಲ ಕೆಲಸವಾಗಿ ಒಂದೇ ಒಂದು ರಾತ್ರಿಯ ಮೇಲ್‌ಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಕಾರಣವಾದ ಇತಿಹಾಸದ ಸಾಲನ್ನು ಹುಡುಕಿ, ಅದು ಯಾವ ಯಂತ್ರದ್ದು, ಸ್ಟೆಪ್ (ಜಾಬ್‌ನ ಒಂದು ಹಂತ) ಐಡಿ ಎಷ್ಟು, ರನ್ ಸ್ಟೇಟಸ್ ಎಷ್ಟು ಎಂದು ಬರೆದುಕೊಳ್ಳಿ. ಪಕ್ಕದಲ್ಲಿ ಆ ಜಾಬ್ ಮಾಡಬೇಕಾಗಿದ್ದ ಕೆಲಸ ನಿಜಕ್ಕೂ ಆಗಿದೆಯೇ ಎಂಬುದನ್ನು ನೀವೇ ನೋಡಿ ಗುರುತಿಸಿ. ಹೀಗೆ ಗುಂಪು ಮಾಡಿದಾಗ ನೂರೈವತ್ತು ಮೇಲ್‌ಗಳ ಹಿಂದೆ ಐದಾರು ಸಾಲುಗಳಷ್ಟೇ ಇರುವುದು ಕಂಡರೆ ಆಶ್ಚರ್ಯಪಡಬೇಡಿ. ರಾತ್ರಿ 1 ಗಂಟೆಗೆ ಬಿದ್ದ ಒಂದೇ ಒಂದು ಸಾಲು ಮಧ್ಯರಾತ್ರಿ ತಾರೀಖು ಬದಲಾಗುವವರೆಗೂ ನಿಮ್ಮ ಕ್ವೆರಿಗೆ ಸಿಗುತ್ತಲೇ ಇರುತ್ತದೆ. 15 ನಿಮಿಷಕ್ಕೊಂದರಂತೆ 23 ಗಂಟೆಗಳಲ್ಲಿ ಅದು 92 ಮೇಲ್ ಆಗುತ್ತದೆ. ಎರಡು ಯಂತ್ರಗಳಲ್ಲಿ ಒಂದೊಂದು ಸಾಲಿದ್ದರೆ ನಿಮ್ಮ ಲೆಕ್ಕ ತುಂಬಿಹೋಯಿತು.

ಇನ್ನು ‘1 ಅಲ್ಲದ’ ಎಂಬ ಷರತ್ತು. ರನ್ ಸ್ಟೇಟಸ್ ಕಾಲಂನಲ್ಲಿ 0 ಎಂದರೆ ವಿಫಲ, 1 ಎಂದರೆ ಯಶಸ್ವಿ, 2 ಎಂದರೆ ಮರುಪ್ರಯತ್ನ, 3 ಎಂದರೆ ರದ್ದಾಗಿದೆ, 4 ಎಂದರೆ ನಡೆಯುತ್ತಿದೆ. ಒಂದು ಸ್ಟೆಪ್‌ಗೆ ಮೂರು ಬಾರಿ ಮರುಪ್ರಯತ್ನಿಸಲು ಹೇಳಿದ್ದು, ಮೊದಲ ಸಲ 1205ರ ಡೆಡ್‌ಲಾಕ್ ದೋಷ (ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ಸಿಕ್ಕಿಕೊಳ್ಳುವುದು) ತಗುಲಿ ಎರಡನೆಯ ಸಲ ಕೆಲಸ ಮುಗಿದಿದ್ದರೆ, ಮೊದಲ ಪ್ರಯತ್ನದ ಸಾಲು 2 ಎಂಬ ಸ್ಥಿತಿಯಲ್ಲಿ ಉಳಿಯುತ್ತದೆ. ಮರುಪ್ರಯತ್ನವನ್ನು ನೀವು ಇಟ್ಟದ್ದೇ ಇಂಥ ಸಂದರ್ಭಕ್ಕಾಗಿ. ಅದು ತನ್ನ ಕೆಲಸ ಮಾಡಿದಾಗ ಮಧ್ಯರಾತ್ರಿ ಯಾರನ್ನಾದರೂ ಎಬ್ಬಿಸುವುದು ಸರಿಯಲ್ಲ. ಆದರೆ ಮರುಪ್ರಯತ್ನಗಳನ್ನು ಪೂರ್ತಿ ಮರೆಯಲೂ ಬಾರದು. ಮೊದಲು ತಿಂಗಳಿಗೊಮ್ಮೆ ಕಾಣುತ್ತಿದ್ದದ್ದು ಈಗ ಪ್ರತಿದಿನ ಕಾಣುತ್ತಿದ್ದರೆ ಒಳಗೆ ಏನೋ ಕೆಡುತ್ತಿದೆ. ಅವನ್ನು ವಾರದ ವರದಿಯಲ್ಲಿ ಎಣಿಕೆಯಾಗಿ ತೋರಿಸಿ.

ಸ್ಟೆಪ್ ಐಡಿಯ ವಿಷಯಕ್ಕೆ ಬರೋಣ, ಏಕೆಂದರೆ ಗೊಂದಲದ ಬೇರು ಹೆಚ್ಚಾಗಿ ಇಲ್ಲಿದೆ. ಒಂದು ಜಾಬ್ ಓಡಿದಾಗ ಪ್ರತಿ ಸ್ಟೆಪ್ ಮುಗಿಯುತ್ತಿದ್ದಂತೆ ಅದರದೊಂದು ಸಾಲು ದಾಖಲಾಗುತ್ತದೆ. ಎಲ್ಲ ಮುಗಿದ ಮೇಲೆ ಸ್ಟೆಪ್ ಐಡಿ 0 ಎಂಬ ಸಾಲು ಬೀಳುತ್ತದೆ. ಇಡೀ ಜಾಬ್‌ನ ಫಲಿತಾಂಶ ಈ ಸೊನ್ನೆಯ ಸಾಲಿನಲ್ಲಿ ಮಾತ್ರ ಇರುತ್ತದೆ. ಮಧ್ಯದ ಸ್ಟೆಪ್ ಸೋತಾಗ ಏನು ಮಾಡಬೇಕೆಂಬುದನ್ನು ಜಾಬ್ ಬರೆದವರು ನಿರ್ಧರಿಸಿರುತ್ತಾರೆ: ಆನ್ ಫೇಲ್ ಆಕ್ಷನ್ ಎಂಬ ಸೆಟ್ಟಿಂಗ್ 1 ಆಗಿದ್ದರೆ ಯಶಸ್ಸೆಂದು ವರದಿ ಮಾಡಿ ಹೊರಬರುವುದು, 2 ಆಗಿದ್ದರೆ ವಿಫಲವೆಂದು ಹೊರಬರುವುದು, 3 ಆಗಿದ್ದರೆ ಮುಂದಿನ ಸ್ಟೆಪ್‌ಗೆ ಹೋಗುವುದು, 4 ಆಗಿದ್ದರೆ ಹೆಸರಿಸಿದ ಬೇರೊಂದು ಸ್ಟೆಪ್‌ಗೆ ಹಾರುವುದು. ಸ್ಟೆಪ್ ಸೋತರೂ ಜಾಬ್ ಗೆಲ್ಲಬಹುದು, ಅದೂ ಉದ್ದೇಶಪೂರ್ವಕವಾಗಿ. ಮೈಕ್ರೋಸಾಫ್ಟ್ ತಾನೇ ಸರ್ವರ್ ಜೊತೆ ಕೊಡುವ, ದಿನವೂ ರಾತ್ರಿ 2 ಗಂಟೆಗೆ ಓಡುವ ಸಿಸ್‌ಪಾಲಿಸಿ ಪರ್ಜ್ ಹಿಸ್ಟರಿ ಎಂಬ ಜಾಬನ್ನು ತೆರೆದು ನೋಡಿ. ಪಾಲಿಸಿ ವ್ಯವಸ್ಥೆ ಚಾಲೂ ಇದೆಯೇ ಎಂದು ಅದರ ಮೊದಲ ಸ್ಟೆಪ್ ಕೇಳುತ್ತದೆ. ಇಲ್ಲವಾದರೆ ತೀವ್ರತೆ 16ರ ದೋಷವನ್ನು ತಾನೇ ಎಬ್ಬಿಸುತ್ತದೆ. ಆ ಸ್ಟೆಪ್ ಸೋತರೆ ಯಶಸ್ಸೆಂದು ವರದಿ ಮಾಡಿ ಹೊರಬರಲು ಜಾಬ್‌ಗೆ ಹೇಳಲಾಗಿದೆ. ದೋಷವನ್ನು ಇಲ್ಲಿ ಬಾಗಿಲಿನಂತೆ ಬಳಸಿದ್ದಾರೆ: ಒಳಗೆ ಕೆಲಸವಿದ್ದರೆ ತೆರೆ, ಇಲ್ಲದಿದ್ದರೆ ಸುಮ್ಮನೆ ಹಿಂದಿರುಗು.

ಅವೈಲಬಿಲಿಟಿ ಗ್ರೂಪ್ ಇರುವಲ್ಲೆಲ್ಲ ಈ ಬಾಗಿಲು ಬೇಕೇ ಬೇಕು. ನಿಮ್ಮ ಎರಡನೆಯ ಯಂತ್ರದಿಂದ ಬರುವ ಮೇಲ್‌ಗಳಿಗೆ ನಾನು ಊಹಿಸುವ ಕಾರಣ ಇದು: ಡೇಟಾಬೇಸ್ ಅಲ್ಲಿ ಸೆಕೆಂಡರಿ ಪಾತ್ರದಲ್ಲಿದ್ದರೂ, ಅಂದರೆ ಬರೆಯಲಾಗದ ಪ್ರತಿಯಾಗಿದ್ದರೂ (ಬರೆಯಬಹುದಾದ ಪ್ರತಿ ಪ್ರೈಮರಿ), ಜಾಬ್ ತನ್ನ ವೇಳೆಗೆ ಎದ್ದು ಬರೆಯಲು ಹೋಗುತ್ತದೆ. ಸೆಕೆಂಡರಿ ಓದಲು ತೆರೆದಿದ್ದರೆ 3906, ಅಂದರೆ ಡೇಟಾಬೇಸ್ ಓದಲು ಮಾತ್ರ ಎಂಬ ದೋಷ ಬರುತ್ತದೆ. ಓದಲೂ ತೆರೆದಿಲ್ಲವಾದರೆ 976 ಬರುತ್ತದೆ. ಇತಿಹಾಸದ ಮೆಸೇಜ್ ಕಾಲಂನಲ್ಲಿ ಈ ಎರಡು ಸಂಖ್ಯೆಗಳನ್ನು ಹುಡುಕಿದರೆ ನನ್ನ ಊಹೆ ಸರಿಯೋ ತಪ್ಪೋ ಐದು ನಿಮಿಷದಲ್ಲಿ ತಿಳಿಯುತ್ತದೆ. ಪರಿಹಾರವಾಗಿ ಪ್ರತಿ ಜಾಬ್‌ನ ಮೊದಲ ಸ್ಟೆಪ್‌ನಲ್ಲಿ, ಎಸ್‌ಕ್ಯೂಎಲ್ ಸರ್ವರ್ 2014ರಿಂದ ಇರುವ ‘ಎಫ್‌ಎನ್ ಹ್ಯಾಡ್ರ್ ಈಸ್ ಪ್ರೈಮರಿ ರೆಪ್ಲಿಕಾ’ ಫಂಕ್ಷನ್‌ಗೆ ಡೇಟಾಬೇಸ್ ಹೆಸರು ಕೊಟ್ಟು ಕೇಳಿ. ಉತ್ತರ 1 ಅಲ್ಲದಿದ್ದರೆ ದೋಷ ಎಬ್ಬಿಸಿ, ಆ ಸ್ಟೆಪ್‌ನ ಆನ್ ಫೇಲ್ ಆಕ್ಷನ್ 1 ಎಂದು ಇಡಿ. ಈ ಬಾಗಿಲಿನ ಸ್ಟೆಪ್ ಓಡುವ ಡೇಟಾಬೇಸ್, ಸರ್ವರ್‌ನದೇ ಆದ ‘ಮಾಸ್ಟರ್’ ಆಗಿರಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಅಲ್ಲಿ ನಿಮ್ಮ ಡೇಟಾಬೇಸ್‌ನ ಹೆಸರನ್ನೇ ಕೊಟ್ಟಿದ್ದರೆ, ಓದಲು ತೆರೆಯದ ಸೆಕೆಂಡರಿಯಲ್ಲಿ ಏಜೆಂಟ್‌ಗೆ ಸಂಪರ್ಕವೇ ಸಿಗುವುದಿಲ್ಲ, ನೀವು ಬರೆದ ಪ್ರಶ್ನೆ ಓಡುವ ಮೊದಲೇ ಸ್ಟೆಪ್ ಸೋತಿರುತ್ತದೆ.

ಕೆಲವರು ಬಾಗಿಲಿನ ಬದಲು ಸೆಕೆಂಡರಿಯಲ್ಲಿ ಜಾಬ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವಂತೆ ಎಸ್‌ಪಿ ಸ್ಟಾಪ್ ಜಾಬ್ ಎಂಬ ಆದೇಶ ಕರೆಯುತ್ತಾರೆ. ಆಗ ಸ್ಥಿತಿ 3 ಎಂದು ದಾಖಲಾಗುತ್ತದೆ, ಮತ್ತು ಮನುಷ್ಯರು ಕೈಯಾರೆ ರದ್ದು ಮಾಡಿದ್ದಕ್ಕೂ ಇದಕ್ಕೂ ಇತಿಹಾಸದಲ್ಲಿ ವ್ಯತ್ಯಾಸ ತಿಳಿಯದಾಗುತ್ತದೆ. ನಾನು ಆ ದಾರಿಯನ್ನು ಶಿಫಾರಸು ಮಾಡುವುದಿಲ್ಲ.

ಬಾಗಿಲು ಇಟ್ಟ ಮೇಲೆ ನಿಮ್ಮ ಕ್ವೆರಿ ಎಲ್ಲ ಸ್ಟೆಪ್‌ಗಳನ್ನೂ ನೋಡುತ್ತಿದ್ದರೆ ಮೇಲ್‌ಗಳು ನಿಲ್ಲುವುದಿಲ್ಲ, ಏಕೆಂದರೆ ಸೆಕೆಂಡರಿಯಲ್ಲಿ ಬಾಗಿಲಿನ ಸ್ಟೆಪ್ ಪ್ರತಿ ಸಲವೂ ವಿಫಲ, ಅಂದರೆ 0 ಎಂದೇ ದಾಖಲಾಗುತ್ತದೆ. ಆದ್ದರಿಂದ ಎಚ್ಚರಿಕೆಯ ಷರತ್ತು ‘ಸ್ಟೆಪ್ ಐಡಿ 0 ಮತ್ತು ರನ್ ಸ್ಟೇಟಸ್ 0’ ಎಂದಾಗಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ಅಪಾಯ ಕಾದಿರುತ್ತದೆ. ಯಾರೋ ಹಿಂದೆ ಯಾವುದೋ ಆತುರದಲ್ಲಿ, ಮುಖ್ಯವಾದ ಸ್ಟೆಪ್ ಒಂದಕ್ಕೆ ‘ಸೋತರೆ ಮುಂದಿನದಕ್ಕೆ ಹೋಗು’ ಎಂದು ಇಟ್ಟಿರಬಹುದು. ಆಗ ಆ ಸ್ಟೆಪ್ ಸೋತು, ಕೊನೆಯ ಸ್ಟೆಪ್ ಗೆದ್ದು, ಸೊನ್ನೆಯ ಸಾಲು ಯಶಸ್ವಿ ಎನ್ನುತ್ತದೆ. ಷರತ್ತು ಬದಲಿಸುವ ಮೊದಲು ಸಿಸ್‌ಜಾಬ್‌ಸ್ಟೆಪ್ಸ್ ಟೇಬಲ್‌ನಲ್ಲಿ ಆನ್ ಫೇಲ್ ಆಕ್ಷನ್ 2 ಅಲ್ಲದ ಸ್ಟೆಪ್‌ಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದನ್ನೂ ಕುಳಿತು ಓದಿ, ‘ಇದು ಸೋತರೆ ಪರವಾಗಿಲ್ಲವೇ?’ ಎಂದು ಕೇಳಿಕೊಳ್ಳಿ. ನಲವತ್ತು ಜಾಬ್‌ಗಳಿಗೆ ಇದು ಅರ್ಧ ದಿನದ ಕೆಲಸ, ಮತ್ತು ಈ ಉತ್ತರದಲ್ಲಿ ನಾನು ಹೇಳುತ್ತಿರುವುದರಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಅರ್ಧ ದಿನ ಇನ್ನೊಂದಿಲ್ಲ. ಸೊನ್ನೆಯ ಸಾಲಿನ ಮೆಸೇಜ್ ಕೊನೆಯದಾಗಿ ಓಡಿದ ಸ್ಟೆಪ್ ಯಾವುದೆಂದು ಹೇಳುತ್ತದೆ, ಅದನ್ನೂ ಬಳಸಿಕೊಳ್ಳಿ. ಸೆಕೆಂಡರಿಯಲ್ಲಿ ‘ಕೊನೆಯದು ಸ್ಟೆಪ್ 1’ ಎಂದಿರುವುದು ಸಹಜ. ಪ್ರೈಮರಿಯಲ್ಲಿ ಹಾಗೆ ಕಂಡರೆ, ಯಶಸ್ವಿ ಎಂದು ಬರೆದಿದ್ದರೂ ಕೆಲಸ ಆಗಿಲ್ಲ ಎಂದರ್ಥ.

ಈಗ ತಾರೀಖಿನ ಷರತ್ತು. ಇತಿಹಾಸದ ಸಾಲಿನಲ್ಲಿರುವ ರನ್ ಡೇಟ್ ಜಾಬ್ ಶುರುವಾದ ತಾರೀಖು, ಮುಗಿದದ್ದಲ್ಲ. ಸೊನ್ನೆಯ ಸಾಲು ದಾಖಲಾಗುವುದು ಮಾತ್ರ ಮುಗಿದ ಮೇಲೆ. ರಾತ್ರಿ 11:40ಕ್ಕೆ ಶುರುವಾದ ಬ್ಯಾಕಪ್ 12:50ಕ್ಕೆ ಡಿಸ್ಕ್ ತುಂಬಿ ಸೋತಿತೆಂದುಕೊಳ್ಳಿ. ಆ ಸಾಲು 12:50ಕ್ಕೆ ಬೀಳುತ್ತದೆ, ಆದರೆ ಹಿಂದಿನ ದಿನದ ತಾರೀಖನ್ನು ಹೊತ್ತು ಬೀಳುತ್ತದೆ. ಆಗ ನಿಮ್ಮ ಕ್ವೆರಿ ‘ಇಂದಿನ’ ಸಾಲುಗಳನ್ನು ಹುಡುಕುತ್ತಿರುತ್ತದೆ, ಆದ್ದರಿಂದ ಈ ವೈಫಲ್ಯ ಅದಕ್ಕೆ ಎಂದೂ ಕಾಣುವುದಿಲ್ಲ. ನಿಜವಾದ ವೈಫಲ್ಯಗಳು ತಪ್ಪಿಹೋಗುತ್ತಿರಬಹುದು ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ತಾರೀಖನ್ನು ಬಿಟ್ಟು ಇನ್‌ಸ್ಟೆನ್ಸ್ ಐಡಿಯನ್ನು ಹಿಡಿಯಿರಿ. ಸಾಲು ದಾಖಲಾಗುವ ಕ್ರಮದಲ್ಲಿ ಏರುತ್ತ ಹೋಗುವ ಸಂಖ್ಯೆ ಅದು. ಕಳೆದ ಬಾರಿ ನೋಡಿದ ಅತಿ ದೊಡ್ಡ ಸಂಖ್ಯೆಯನ್ನು ನಿಮ್ಮದೇ ಚಿಕ್ಕ ಟೇಬಲ್‌ನಲ್ಲಿ ಬರೆದಿಟ್ಟು, ಮುಂದಿನ ಬಾರಿ ಅದಕ್ಕಿಂತ ದೊಡ್ಡದಾದ ಸಾಲುಗಳನ್ನು ಮಾತ್ರ ನೋಡಿ. ಒಂದು ವೈಫಲ್ಯಕ್ಕೆ ಒಂದೇ ಮೇಲ್ ಬರುತ್ತದೆ, ಮಧ್ಯರಾತ್ರಿ ದಾಟಿದ ಜಾಬ್ ಕೂಡ ಸಿಕ್ಕಿಬೀಳುತ್ತದೆ. ಎರಡು ಯಂತ್ರಗಳ ಸಂಖ್ಯೆಗಳು ಬೇರೆಬೇರೆ, ಹಾಗಾಗಿ ಯಂತ್ರಕ್ಕೊಂದು ಗುರುತು ಇರಲಿ. ಇದೇ ಟೇಬಲ್‌ನಲ್ಲಿ ರನ್ ಡ್ಯುರೇಷನ್ ಕಾಲಂ ನೋಡಿ ‘ಹೆಚ್ಚು ಹೊತ್ತು ತೆಗೆದುಕೊಂಡಿತು’ ಎಂದು ಎಚ್ಚರಿಸುವವರು, ಅಲ್ಲಿ 130 ಎಂದಿದ್ದರೆ 130 ಸೆಕೆಂಡ್ ಅಲ್ಲ, ಒಂದು ನಿಮಿಷ 30 ಸೆಕೆಂಡ್ ಎಂಬುದನ್ನು ಗಮನಿಸಬೇಕು. ಗಂಟೆ, ನಿಮಿಷ, ಸೆಕೆಂಡ್‌ಗಳನ್ನು ಅಕ್ಕಪಕ್ಕ ಬರೆದು ಒಂದೇ ಪೂರ್ಣಾಂಕ ಮಾಡಿದ್ದಾರೆ. ರನ್ ಟೈಮ್ ಕೂಡ ಹಾಗೆಯೇ: 500 ಎಂದರೆ ಮಧ್ಯರಾತ್ರಿ ಕಳೆದು 5 ನಿಮಿಷ.

ರೋಬೋಕಾಪಿಯ ಕಥೆ ಬೇರೆ. ಸಿಎಂಡಿ ಎಕ್ಸೆಕ್ ಬಗೆಯ, ಅಂದರೆ ಹೊರಗಿನ ಪ್ರೋಗ್ರಾಂ ಓಡಿಸುವ ಸ್ಟೆಪ್‌ನಲ್ಲಿ ಏಜೆಂಟ್ ಮೂಲ ಸೆಟ್ಟಿಂಗ್‌ನಂತೆ, ಪ್ರೋಗ್ರಾಂ ಹಿಂದಿರುಗಿಸುವ ಎಕ್ಸಿಟ್ ಕೋಡ್ 0 ಆಗಿದ್ದರೆ ಮಾತ್ರ ಯಶಸ್ಸು ಎಂದು ತಿಳಿಯುತ್ತದೆ. ರೋಬೋಕಾಪಿಯ ಭಾಷೆ ಬೇರೆ: 0 ಎಂದರೆ ನಕಲು ಮಾಡಲು ಏನೂ ಇರಲಿಲ್ಲ, 1 ಎಂದರೆ ಫೈಲ್‌ಗಳು ನಕಲಾದವು, 2 ಎಂದರೆ ಗುರಿಯ ಫೋಲ್ಡರ್‌ನಲ್ಲಿ ಹೆಚ್ಚುವರಿ ಫೈಲ್‌ಗಳಿವೆ, 4 ಎಂದರೆ ಹೊಂದದ ಫೈಲ್‌ಗಳಿವೆ. ಇವು ಕೂಡಿಕೊಂಡು 3, 5, 7 ಎಂದೂ ಬರಬಹುದು. 8 ಹಾಗೂ ಅದಕ್ಕಿಂತ ಮೇಲಿನದು ಮಾತ್ರ ನಿಜವಾದ ವೈಫಲ್ಯ. ಹಾಗಾಗಿ ಫೈಲ್ ಸರಿಯಾಗಿ ತಲುಪಿದ ರಾತ್ರಿ ನಿಮ್ಮ ಜಾಬ್ ವಿಫಲ ಎನ್ನುತ್ತದೆ. ಬ್ಯಾಕಪ್ಪೇ ಆಗದೆ ನಕಲು ಮಾಡಲು ಏನೂ ಇಲ್ಲದ ರಾತ್ರಿ ಯಶಸ್ವಿ ಎನ್ನುತ್ತದೆ. ನಿಮಗೆ ಬೇಕಾದುದರ ನೇರ ವಿರುದ್ಧ ಇದು. ಸ್ಟೆಪ್‌ನ ಸೆಟ್ಟಿಂಗ್‌ನಲ್ಲಿ ‘ಯಶಸ್ಸಿನ ಕೋಡ್’ ಎಂದು 1 ಬರೆದು ಸಮಾಧಾನಪಡಬೇಡಿ. ಅಲ್ಲಿ ಒಂದೇ ಸಂಖ್ಯೆಗೆ ಜಾಗವಿದೆ, ನಾಳೆ 3 ಬಂದರೆ ಮತ್ತೆ ಸುಳ್ಳು ಎಚ್ಚರಿಕೆ. ಚಿಕ್ಕದೊಂದು ಬ್ಯಾಚ್ ಫೈಲ್ ಬರೆದು, ಅದರೊಳಗಿಂದ ರೋಬೋಕಾಪಿ ಕರೆದು, ಕೋಡ್ 8ಕ್ಕಿಂತ ಕಡಿಮೆ ಇದ್ದರೆ 0 ಹಿಂದಿರುಗಿಸಿ, ಇಲ್ಲವಾದರೆ ಇದ್ದದ್ದನ್ನೇ ಹಿಂದಿರುಗಿಸಿ. ನಿಮ್ಮ ವಿಷಯದಲ್ಲಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ: ಪ್ರತಿ ರಾತ್ರಿ ಹೊಸ ಬ್ಯಾಕಪ್ ಫೈಲ್ ಇರಲೇಬೇಕಾದುದರಿಂದ, ಈ ಜಾಬ್‌ನಲ್ಲಿ ‘ಏನೂ ನಕಲಾಗಲಿಲ್ಲ’ ಎಂಬುದನ್ನೂ ವೈಫಲ್ಯವೆಂದೇ ಎಣಿಸಿ.

ವಾರದ ಜಾಬ್ ‘ಓಡಿಯೇ ಇಲ್ಲ’ ಎನ್ನುವ ತಪಾಸಣೆಗೆ ಕಾರಣ ಇತಿಹಾಸ ಅಳಿಸಿಹೋಗುವುದು ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಏಜೆಂಟ್ ಮೂಲ ಸೆಟ್ಟಿಂಗ್‌ನಲ್ಲಿ ಒಟ್ಟು 1000 ಸಾಲು, ಒಂದು ಜಾಬ್‌ಗೆ 100 ಸಾಲು ಮಾತ್ರ ಉಳಿಸಿಕೊಳ್ಳುತ್ತದೆ. ಐದು ನಿಮಿಷಕ್ಕೊಮ್ಮೆ ಓಡುವ ಲಾಗ್ ಬ್ಯಾಕಪ್ (ಇತ್ತೀಚಿನ ಬದಲಾವಣೆಗಳ ಬ್ಯಾಕಪ್) ಒಂದೇ ಸ್ಟೆಪ್‌ನದಾದರೂ ಪ್ರತಿ ಓಟಕ್ಕೆ ಎರಡು ಸಾಲು ಬರೆಯುತ್ತದೆ. 100 ಸಾಲೆಂದರೆ 50 ಓಟ, ಅಂದರೆ 4 ಗಂಟೆ 10 ನಿಮಿಷದ ನೆನಪು ಮಾತ್ರ. ಇಂಥ ಹತ್ತು ಜಾಬ್‌ಗಳು ಸೇರಿದರೆ ಒಟ್ಟು ಮಿತಿ ತುಂಬಿ, ಅತ್ಯಂತ ಹಳೆಯ ಸಾಲುಗಳು ಹೋಗುತ್ತವೆ. ಭಾನುವಾರ ಓಡಿದ ಜಾಬ್‌ನ ಸಾಲು ಮಂಗಳವಾರಕ್ಕೆ ಇರುವುದಿಲ್ಲ. ಸಾಲುಗಳ ಮಿತಿಯನ್ನು ತೆಗೆದು, ಬದಲಿಗೆ ಎಸ್‌ಪಿ ಪರ್ಜ್ ಜಾಬ್‌ಹಿಸ್ಟರಿಗೆ ತಾರೀಖು ಕೊಟ್ಟು 60 ದಿನಕ್ಕಿಂತ ಹಳೆಯದನ್ನು ವಾರಕ್ಕೊಮ್ಮೆ ಅಳಿಸುವುದು ನನ್ನ ಸಲಹೆ.

ಒಂದು ಜಾಬ್ ಇನ್ನೊಂದನ್ನು ಎಸ್‌ಪಿ ಸ್ಟಾರ್ಟ್ ಜಾಬ್ ಮೂಲಕ ಎಬ್ಬಿಸುವ ಏರ್ಪಾಡು ನಿಮ್ಮಲ್ಲಿದ್ದರೆ 22022 ಎಂಬ ದೋಷವನ್ನೂ ಹುಡುಕಿ. ಎಬ್ಬಿಸಬೇಕಾದ ಜಾಬ್ ಆಗಲೇ ಓಡುತ್ತಿದ್ದರೆ ಏಜೆಂಟ್ ಕೋರಿಕೆಯನ್ನು ನಿರಾಕರಿಸುತ್ತದೆ, ಎಬ್ಬಿಸಲು ಹೋದ ಜಾಬ್ ಸೋಲುತ್ತದೆ, ಆದರೆ ಕೆಲಸ ನಡೆದೇ ಇರುತ್ತದೆ. ಹಾಗೆಯೇ ಲಾಗ್‌ಗಳಲ್ಲಿ ‘ಎರರ್’ ಎಂಬ ಪದ ಹುಡುಕುವ ಉಪಕರಣವೇನಾದರೂ ಇದ್ದರೆ, ಡೇಟಾಬೇಸ್ ಸಂಪೂರ್ಣ ಆರೋಗ್ಯವಾಗಿದ್ದಾಗ ಅದನ್ನು ಪರೀಕ್ಷಿಸುವ ಚೆಕ್‌ಡಿಬಿ ಎಂಬ ಆದೇಶ ಬರೆಯುವ ಸಾಲಿನಲ್ಲೇ ‘ಸೊನ್ನೆ ಅಲೊಕೇಶನ್ ಎರರ್, ಸೊನ್ನೆ ಕನ್ಸಿಸ್ಟೆನ್ಸಿ ಎರರ್’ ಎಂದಿರುತ್ತದೆ ಎಂಬುದನ್ನು ನೆನಪಿಡಿ. ಸರ್ವರ್ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿದ್ದು, ಎಚ್ಚರಿಸುವ ವ್ಯವಸ್ಥೆ ಭಾರತೀಯ ಕಾಲಮಾನದಲ್ಲಿದ್ದರೆ ಐದೂವರೆ ಗಂಟೆಯ ಅಂತರ ಇನ್ನೊಂದು ಬಗೆಯ ‘ಓಡಿಯೇ ಇಲ್ಲ’ ಎಂಬ ಸುಳ್ಳನ್ನು ಹುಟ್ಟಿಸುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಮೇಲ್‌ಗಳು ದಿನಕ್ಕೆ ಒಂದೆರಡಕ್ಕೆ ಇಳಿಯಬೇಕು, ಅನೇಕ ದಿನ ಸೊನ್ನೆಯಾಗಬೇಕು. ಆದರೆ ನಾವು ಸದ್ದಡಗಿಸಿದ ಪ್ರತಿ ಜಾಗದಲ್ಲೂ ನಿಜವಾದ ವೈಫಲ್ಯ ಅಡಗಿ ಕೂರಬಹುದು. ಉದಾಹರಣೆಗೆ ಬಾಗಿಲಿನ ಸ್ಟೆಪ್‌ನಲ್ಲಿ ಡೇಟಾಬೇಸ್ ಹೆಸರಿನ ಒಂದು ಅಕ್ಷರ ತಪ್ಪಿದರೆ, ಎರಡೂ ಯಂತ್ರಗಳಲ್ಲಿ ಜಾಬ್ ‘ನನ್ನ ಸರದಿಯಲ್ಲ’ ಎಂದು ಯಶಸ್ವಿಯಾಗಿ ಹೊರಬರುತ್ತದೆ, ಕೆಲಸ ಎಲ್ಲಿಯೂ ಆಗುವುದಿಲ್ಲ, ಮೇಲ್ ಕೂಡ ಬರುವುದಿಲ್ಲ. ಆದ್ದರಿಂದ ಜಾಬ್ ಏನು ಹೇಳಿತು ಎಂಬುದರ ಜೊತೆಗೆ, ಜಾಬ್‌ನಿಂದ ಹುಟ್ಟಬೇಕಾದದ್ದು ಹುಟ್ಟಿದೆಯೇ ಎಂದು ನೇರವಾಗಿ ಕೇಳುವ ತಪಾಸಣೆಯೊಂದು ಇರಲೇಬೇಕು. ಬ್ಯಾಕಪ್‌ಗೆ, ಸರ್ವರ್ ತನ್ನ ದಾಖಲೆಗಳನ್ನು ಇಡುವ ಎಂಎಸ್‌ಡಿಬಿ ಡೇಟಾಬೇಸ್‌ನ ಬ್ಯಾಕಪ್‌ಸೆಟ್ ಟೇಬಲ್ ನೋಡಿ: ಪ್ರತಿ ಡೇಟಾಬೇಸ್‌ಗೆ ಟೈಪ್ ಡಿ, ಅಂದರೆ ಪೂರ್ಣ ಬ್ಯಾಕಪ್, ಕೊನೆಗೆ ಮುಗಿದದ್ದು ಯಾವಾಗ, ಟೈಪ್ ಎಲ್, ಅಂದರೆ ಲಾಗ್ ಬ್ಯಾಕಪ್, ಯಾವಾಗ. ಆ ಇತಿಹಾಸ ಬ್ಯಾಕಪ್ ನಡೆದ ಯಂತ್ರದಲ್ಲಿ ಮಾತ್ರ ಇರುತ್ತದೆ, ಆದ್ದರಿಂದ ಎರಡೂ ಯಂತ್ರಗಳಿಂದ ತಂದು, ಅವುಗಳಲ್ಲಿ ಇತ್ತೀಚಿನದನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದೇ ಯಂತ್ರವನ್ನು ಕೇಳಿದರೆ ಫೇಲ್‌ಓವರ್ ಆದ, ಅಂದರೆ ಪ್ರೈಮರಿ ಪಾತ್ರ ಇನ್ನೊಂದು ಯಂತ್ರಕ್ಕೆ ಹೋದ, ಮರುದಿನವೇ ಹೊಸದೊಂದು ಸುಳ್ಳು ಎಚ್ಚರಿಕೆ ಶುರುವಾಗುತ್ತದೆ. ಡೇಟಾ ತುಂಬುವ ಜಾಬ್‌ಗಳಿಗೆ ಗುರಿಯ ಟೇಬಲ್‌ನ ಅತ್ಯಂತ ಹೊಸ ದಾಖಲೆಯ ಸಮಯ ನೋಡಿದರೆ ಸಾಕು.

ಈ ಎರಡನೆಯ ತಪಾಸಣೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಆದದ್ದೂ ಒಂದು ಕಾರಣ. ಅಲ್ಲಿ ತಪ್ಪು ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಡೇಟಾ ಫೋಲ್ಡರ್ ಅಳಿಸಿಹೋದಾಗ, ನಿತ್ಯದ ಬ್ಯಾಕಪ್ ಹುಡುಕಿದರೆ ಏನೂ ಇರಲಿಲ್ಲ. 9.6ನೆಯ ಆವೃತ್ತಿಯ ಡೇಟಾಬೇಸ್ ಮೇಲೆ 9.2ನೆಯ ಆವೃತ್ತಿಯ ಬ್ಯಾಕಪ್ ಸಾಧನ ಪಿಜಿ ಡಂಪ್ ಓಡಿ ಪ್ರತಿ ಸಲ ಸೋಲುತ್ತಿತ್ತು. ಸೋಲನ್ನು ತಿಳಿಸುವ ಮೇಲ್‌ಗಳು ಡಿಮಾರ್ಕ್ (ಕಳಿಸಿದವರು ನಿಜವೇ ಎಂದು ಪರೀಕ್ಷಿಸುವ ಮೇಲ್ ವ್ಯವಸ್ಥೆ) ಅವುಗಳಿಗೆ ಅಳವಡಿಸಿರದ ಕಾರಣ ತಿರಸ್ಕೃತವಾಗುತ್ತಿದ್ದವು. ನಡೆದದ್ದನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಮೇಲ್ ಬರಲಿಲ್ಲ ಎಂಬುದೇ ಎಲ್ಲ ಸರಿಯಿದೆ ಎಂಬುದಕ್ಕೆ ಅಲ್ಲಿ ಆಧಾರವಾಗಿಬಿಟ್ಟಿತ್ತು. ಫೋಲ್ಡರ್‌ನಲ್ಲಿ ಇಂದಿನ ಫೈಲ್ ಇದೆಯೇ ಎಂದು ಬೇರೆ ಯಂತ್ರವೊಂದು ಕೇಳಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಬದಲಾವಣೆಗಳನ್ನು ಒಂದೇ ದಿನ ತರಬೇಡಿ. ಹೊಸ ಕ್ವೆರಿಯನ್ನು ಹಳೆಯದರ ಪಕ್ಕದಲ್ಲೇ ಎರಡು ವಾರ ಓಡಿಸಿ, ಹಳೆಯದು ಕೂಗಿ ಹೊಸದು ಸುಮ್ಮನಿದ್ದ ಪ್ರತಿ ಸಂದರ್ಭಕ್ಕೂ ಕಾರಣ ಬರೆದಿಡಿ. ಆ ಅವಧಿಯಲ್ಲಿ ಒಂದು ಸಲ ಯೋಜಿತ ಫೇಲ್‌ಓವರ್ ಮಾಡಿ ನೋಡಿ, ಏಕೆಂದರೆ ಬಾಗಿಲಿನ ಸ್ಟೆಪ್‌ಗಳ ತಪ್ಪು ಹೊರಬೀಳುವುದು ಪಾತ್ರ ಬದಲಾದಾಗಲೇ. ಕೊನೆಗೆ ತೀವ್ರತೆ 16ರ ದೋಷವನ್ನು ಬೇಕೆಂದೇ ಎಬ್ಬಿಸುವ ಪರೀಕ್ಷಾ ಜಾಬ್ ಒಂದನ್ನು ಎರಡೂ ಯಂತ್ರಗಳಲ್ಲಿ ಇಡಿ. ಅದರೊಳಗೆ ಒಂದು ಗಂಟೆ ಕಾಯುವ ಆದೇಶ ಕೊಟ್ಟು, ರಾತ್ರಿ 11:50ಕ್ಕೆ ಶುರುವಾಗಿ ಮಧ್ಯರಾತ್ರಿ ದಾಟಿ ಸೋಲುವಂತೆ ಮಾಡಿ. ಪ್ರತಿ ಯಂತ್ರದಿಂದ ಒಂದೊಂದೇ ಮೇಲ್ ಬಂದು, ಅದರಲ್ಲಿ ಸರಿಯಾದ ಜಾಬ್ ಹೆಸರು ಮತ್ತು ಯಂತ್ರದ ಹೆಸರು ಇದ್ದ ಮೇಲೆಯೇ ಹಳೆಯ ಕ್ವೆರಿಯನ್ನು ನಿಲ್ಲಿಸಿ.